ಎರಡನೇ ಬೊಟ್ಟು

"ಹಲೋ... ಹಲೋ, ಯಾರು ಮಾತಾಡುವುದು?... ಜೋರು ಹೇಳಿ, ಇಲ್ಲಿ ತಗಡಿನ ಮೇಲೆ ಮಳೆ... ಹಾಂ, ಕಟ್ಟಿಗೆ ಡಿಪೋವೇ. ಬಂದರಿನದ್ದೇ... ಹೌದು, ನಾನೇ, ಮಮ್ಮು ಬ್ಯಾರಿಯೇ. ತಾವು ಯಾರು?"

ಬಲಗೈಯ ತೋರುಬೆರಳಿನಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು. ಅದು ಫೋನಿಗೆ ತಾಗದಿರಲೆಂದು ಮಮ್ಮು ಆ ಕೈಯನ್ನು ದೂರಕ್ಕೆ ಚಾಚಿ, ಎಡಗೈಯಿಂದ ರಿಸೀವರನ್ನು ಕಿವಿಗೆ ಒತ್ತಿ ನಿಂತಿದ್ದ. ಅವನ ಡಿಪೋದಲ್ಲಿ ಒಂದು ಮಳೆಗಾಲ ಕಂಡ ಕಟ್ಟಿಗೆಯ ಅಟ್ಟಿಗೆ ಒಂದು ಸುಣ್ಣದ ಬೊಟ್ಟು, ಎರಡು ಕಂಡದ್ದಕ್ಕೆ ಎರಡು. ಓದು ಬಾರದ ಗಿರಾಕಿಯೂ ಎಣಿಸಬಹುದಾದ ಲೆಕ್ಕ. ನಡು ಮಳೆಗಾಲದ ಆಟಿ ತಿಂಗಳ ಎರಚಲು ತಗಡಿನ ಮಾಡಿನೊಳಕ್ಕೂ ನುಗ್ಗಿ ಬೊಟ್ಟುಗಳನ್ನು ತೊಳೆದುಬಿಡುತ್ತಿತ್ತು; ಅಳಿದುದನ್ನು ಅವನು ಮತ್ತೆ ಇಡುತ್ತಿದ್ದಾಗ ಗಂಟೆ ಬಡಿದಿತ್ತು. ಫೋನು ಬಂದು ಎಂಟು ತಿಂಗಳಾಗಿದ್ದರೂ ಅದರ ಮುಂದೆ ಅವನು ಒಮ್ಮೆಯೂ ಕೂತಿರಲಿಲ್ಲ. ಎದುರಿಗೆ ಬಂದ ಗಿರಾಕಿಯೊಡನೆ ತುಳು, ಮನೆಯಲ್ಲಿ ಬ್ಯಾರಿ ಮಾತು. ಫೋನಿನಲ್ಲಿ ಮಾತ್ರ ಕನ್ನಡ. ತಂತಿ ಸರಕಾರದ್ದು, ಸರಕಾರದ ತಂತಿಗೆ ಅಷ್ಟು ಮರ್ಯಾದೆ ಕೊಡಬೇಕೆಂದು ಅವನ ನಂಬಿಕೆ.

"ದೇರೆಬೈಲಿನಿಂದಲಾ?... ವಿಲ್ಲಿ ಪೊರ್ಬುಗಳ ಮನೆಯ ಫೋನು. ಗೊತ್ತುಂಟು, ಗೊತ್ತುಂಟು, ಕ್ರಿಸ್ಮಸ್ಸಿಗೆ ಅವರಿಗೆ ಕಟ್ಟಿಗೆ ಹೋಗುವುದು ಇಲ್ಲಿಂದಲೇ... ನೀವು ಅವರ ಪಕ್ಕದ ಮನೆಯವರು. ಸರಿ. ಎಂತ ಬೇಕಿತ್ತು ಅಕ್ಕ?..."

"ಬಾಳಂತಿಗೆ! ಆಯ್ತು, ಸಂತೋಷ. ಯಾವಾಗ?... ಇನ್ನೂ ಹತ್ತು ದಿನ ಉಂಟು. ಮುಂಚೆಯೇ ಕೇಳಿದ್ದು ಒಳ್ಳೆಯದಾಯ್ತು. ಕೆಲವರು ನೋವು ಸುರುವಾದ ಮೇಲೆ ಗಾಡಿ ಹಿಡಿದುಕೊಂಡು ಓಡಿ ಬರ್ತಾರೆ ಮಾರಾಯ್ತಿ. ಕಟ್ಟಿಗೆ ಎಂತ, ನನ್ನ ಕಿಸೆಯಲ್ಲಿ ಒಣಗ್ತದಾ?..."

"ಯಾವ ಮರ ಅಂತಲಾ?... ಹೇಳ್ತೇನೆ, ಕೇಳಿ. ಗೇರು ಬೇಡ. ಚಟಪಟ ಅಂತ ಕಿಡಿ ಹಾರಿಸ್ತದೆ, ಒಂದು ಕಿಡಿ ಚಾಪೆಗೆ ಬಿದ್ದರೆ ಮುಗಿಯಿತು. ಮಾವಿಗೆ ಹೊಗೆ ಜಾಸ್ತಿ. ಚೇರೆ ಮರವನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ, ಅದರ ಹೊಗೆ ತಾಗಿದರೆ ಮುಖ ಬಾತು ಕುಂಬಳಕಾಯಿ ಆಗ್ತದೆ. ನಿಮಗೆ ಬೇಕಾದ್ದು ಹುಣಸೆ, ಇಲ್ಲದಿದ್ದರೆ ಗಾಳಿಮರ. ಸೀಳಿ, ಸಿಪ್ಪೆ ಮೇಲೆ ಮಾಡಿ, ನೆಲದ ತೇವ ಏರದ ಹಾಗೆ ಅಡಿಗೆ ಎರಡು ಕೊರಡು ಕೊಟ್ಟು, ನಡುವೆ ಗಾಳಿ ಆಡುವ ಹಾಗೆ ಇಟ್ಟು ಎರಡು ವರ್ಷ ಕಾಯಬೇಕು. ಬೆಂಕಿಗೆ ಅವಸರ ಇರಬಹುದು, ಕಟ್ಟಿಗೆಗೆ ಇಲ್ಲ... ಹಾಂ?... ಒಣಗಿದ್ದು ಗೊತ್ತಾಗುವುದು ಹೇಗೆ ಅಂತಲಾ? ತುದಿ ನೋಡಿ, ಜೇಡನ ಬಲೆಯ ಹಾಗೆ ಬಿರುಕು ಬಿಟ್ಟಿರಬೇಕು. ಕಣ್ಣಿಗೆ ಕಾಣುವಷ್ಟು ಭಾರ ಕೈಗೆ ಇರಬಾರದು. ಅದೂ ಸಾಲದಿದ್ದರೆ ಎರಡು ತುಂಡು ಹಿಡಿದು ಒಂದಕ್ಕೊಂದು ಬಡೀರಿ. ಒಣಗಿದ್ದು ಟಣ್ ಅಂತದೆ. ಹಸಿ ದಬ್ ಅಂತದೆ. ಕಿವಿ ಇದ್ದವರಿಗೆಲ್ಲ ಗೊತ್ತಾಗ್ತದೆ."

ಇಂಥ ಮಾತಿಗೆ ತೊಡಗಿದರೆ ಮಮ್ಮುವಿಗೆ ತನ್ನ ನೆನಪು ಇರುತ್ತಿರಲಿಲ್ಲ. ಆ ಮರೆವು ಅವನಿಗೆ ಬೇಕಾಗಿತ್ತು. ಮಮ್ಮು ಊರಿಗೆಲ್ಲ ಬೆಂಕಿ ಮಾರುತ್ತಾನೆ, ಮನೆಯಲ್ಲಿ ಅವನ ಹೆಂಡತಿ ಸಾರಮ್ಮ ಸೀಮೆಎಣ್ಣೆಯ ಸ್ಟವ್ ಪಂಪು ಮಾಡುತ್ತಾಳೆ ಎಂದು ಬಂದರಿನಲ್ಲಿ ಒಂದು ತಮಾಷೆ ಇತ್ತು. ತಮಾಷೆ ನಿಜ. ಎರಡು ವರ್ಷದಿಂದ ಅವನ ಮನೆಯಲ್ಲಿ ಕಟ್ಟಿಗೆ ಉರಿದಿರಲಿಲ್ಲ. ಹೊಗೆಗೆ ಕಣ್ಣು ಉರಿಯುತ್ತದೆ ಎಂದು ಕೇಳಿದವರಿಗೆ ಹೇಳುತ್ತಿದ್ದ. ತುಂಡುಗಳನ್ನು ಬಡಿದು ನೋಡುವುದನ್ನೂ ಅವನು ಬಿಟ್ಟು ಅಷ್ಟೇ ಕಾಲವಾಗಿತ್ತು. ಎಷ್ಟು ಒಣಗಿದ ಹುಣಸೆಯೂ ಈಗ ಅವನ ಕಿವಿಗೆ ದಬ್ ಎಂದೇ ಕೇಳುತ್ತಿತ್ತು. ವಯಸ್ಸಾಯಿತು, ಕಿವಿ ಮಂದವಾಯಿತು ಎಂದುಕೊಂಡಿದ್ದ.

"ಹಲೋ?... ಅಕ್ಕ, ಇದ್ದೀರಾ?... ಯಾರೋ ಬರೇ ಉಸಿರು ಬಿಡುವ ಹಾಗೆ ಕೇಳ್ತದೆ... ಓ, ಮಗುವಾ? ಫೋನು ಎಳೆದುಕೊಂಡಿತಾ? ಏ ಮಗಾ, ಹಲೋ ಹೇಳು... ಕೆಮ್ಮು ಉಂಟಲ್ಲ ಅದಕ್ಕೆ. ಹೆಸರೆಂತ?... ಸ್ನೇಹಲತಾ! ಅಷ್ಟು ಸಣ್ಣದಕ್ಕೆ ಅಷ್ಟು ಉದ್ದದ ಹೆಸರಾ?... ಈ ಆಟಿಗೆ ಎರಡು ವರ್ಷ. ಹಾಂ..."

"ಮಗಳ ಮಗಳು. ಹಾಗಾದ್ರೆ ಈಗ ಹೆರಿಗೆ ಇವಳ ತಾಯಿಗೇ ಅಲ್ವಾ?... ತಾಯಿಯ ತಂಗಿಗೆ... ಮತ್ತೆ ಇವಳ ತಾಯಿ?"

ಕೇಳಬಾರದಿತ್ತು. ಆ ತುದಿಯಿಂದ ಒಂದು ಹೆಸರು ಬಂತು.

"ದೇಯಿ," ಎಂದು ಮಮ್ಮು ಅದನ್ನು ತಿರುಗಿ ಹೇಳಿದ. "ದೇರೆಬೈಲಿನ ದೇಯಿ... ನೀವು ಕುಶಲಕ್ಕ. ದೇಯಿಯ ಅಮ್ಮ."

ಮೊದಲ ಸಲ ಅವನು ಫೋನಿನ ಮುಂದೆ ಕೂತ. ಸ್ಟೂಲಿನ ಮೇಲಿದ್ದ ಸುಣ್ಣದ ತಟ್ಟೆ ನೆಲಕ್ಕುರುಳಿತು.

ಎರಡು ವರ್ಷದ ಹಿಂದೆ, ಅರುವತ್ತೆರಡರ ಆಟಿಯಲ್ಲಿ, ಹೆತ್ತು ಹನ್ನೆರಡನೇ ದಿನ, ನಡು ಮಧ್ಯಾಹ್ನ, ದೇಯಿ ಮಂಚದ ಮೇಲೆ ಮಲಗಿದ್ದಲ್ಲೇ ತೀರಿಹೋಗಿದ್ದಳು. ಮಂಚದಡಿ ಮೈ ಕಾಯಿಸಲು ಕೆಂಡದ ಚಟ್ಟಿ ಇಟ್ಟಿದ್ದರು. ಕಟ್ಟಿಗೆ ಮಮ್ಮುವಿನ ಡಿಪೋದ್ದು. ಸುದ್ದಿ ತಂದವನು ಕಂಪೌಂಡರ್ ರೇಮಂಡ್. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಮಲಗಿದವರನ್ನು ಅದು ಎಬ್ಬಿಸುವುದಿಲ್ಲ ಬ್ಯಾರಿ, ಎಂದು ಚಾ ಕುಡಿಯುತ್ತ ಹೇಳಿ ಹೋಗಿದ್ದ. ಮಗು ಉಳಿಯಿತೋ ಇಲ್ಲವೋ ಎಂದು ಮಮ್ಮು ಅವನನ್ನು ಕೇಳಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ. ದೇರೆಬೈಲಿನ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದ.

"ಇಲ್ಲ ಅಕ್ಕ, ಇಟ್ಟಿಲ್ಲ... ಫೋನು ಇಡುವುದಿಲ್ಲ. ಹೇಳಿ..."

"ಯಾರಿಗೂ ಹೇಳದ್ದು ನನಗೆ ಯಾಕೆ?... ಹಾಂ, ಬೆಂಕಿಯ ಗುಣ ಗೊತ್ತಿರುವವನು ಅಂತ. ಹೌದು. ಗೊತ್ತುಂಟು..."

"ಕಿಟಕಿ ಹಾಕಿದ್ದು ನೀವೇ... ನಿಮ್ಮ ಕೈಯಿಂದಲೇ. ಸಂದಿಗೆ ಹಳೇ ಸೀರೆ ಕೂಡ ತುರುಕಿದ್ದು... ಬಾಳಂತಿಗೆ ಗಾಳಿ ತಾಗಬಾರದು ಅಂತ. ಎಲ್ಲರೂ ಮಾಡ್ತಾರೆ ಅಕ್ಕ. ನನ್ನ ಉಮ್ಮ ಕೂಡ ಸಾರಮ್ಮನಿಗೆ ಹಾಗೆಯೇ ಮಾಡಿದ್ದು... ಬಚ್ಚಲ ಒಲೆಯಿಂದ ಕೆಂಡ ತಂದದ್ದು, ಅರ್ಧ ಉರಿದ ತುಂಡೂ ಅದರೊಟ್ಟಿಗೆ... ಹಾಂ... ಹಾಂ..."

"ಎಂತ ಸದ್ದು?... ನೀವು ಅಡಿಗೆಕೋಣೆಯಲ್ಲಿ ಇದ್ದಿರಿ. ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ತಾ ಇದ್ದಿರಿ... ಅದಕ್ಕೇ ಮಗು ಉಳಿದದ್ದು... ಆಗ ಕೇಳಿದ್ದಾ? ಎಷ್ಟು ಸಲ?... ಮೂರು ಸಲ. ದಬ್, ದಬ್, ದಬ್..."

"ಗಾಳಿಗೆ ಕಿಟಕಿ ಬಡೀತದೆ ಅಂತ ಎಣಿಸಿದ್ರಿ. ಕಿಟಕಿ ಎಲ್ಲಿ ಬಡೀತದೆ, ಸೀರೆ ತುರುಕಿದ ಕಿಟಕಿ... ಅದು ನಿಮಗೆ ಆಮೇಲೆ ಹೊಳೆದದ್ದು... ಅವಳು ಕೈಯಿಂದ ಮಂಚದ ಕಾಲಿಗೆ... ಸಾಕು ಅಕ್ಕ. ನೀರು ಕುಡೀರಿ. ಪೊರ್ಬುಗಳ ಮನೆಯವರಲ್ಲಿ ನೀರು ಕೇಳಿ... ಈಗಲೂ ಕೇಳ್ತದಾ?... ಎಣ್ಣೆಯ ಗಿಂಡಿ ಕೈಗೆ ತಕೊಂಡ ಕೂಡಲೇ."

ಮಮ್ಮು ಅಟ್ಟಿಗಳ ಕಡೆ ನೋಡಿದ. ಡಿಪೋದಲ್ಲಿ ಅವನೊಬ್ಬನೇ ಇದ್ದ. ಕಿವಿ ಮಂದವಾದದ್ದಲ್ಲ. ದೇರೆಬೈಲಿನ ಆ ಮನೆಯಲ್ಲಿ ಬಡಿದದ್ದು, ಅಲ್ಲಿಂದ ನಡೆದು ಬಂದು, ಇಲ್ಲಿ ಅವನ ತುಂಡುಗಳ ಒಳಗೆ ಕೂತಿತ್ತು.

"ನೀವಾ ತಂಗಿ? ಎಕ್ಸ್‌ಚೇಂಜಾ?... ಇಲ್ಲ, ಮಾತು ಆಗಲಿಲ್ಲ. ಲೈನು ತೆಗೀಬೇಡಿ... ಹಲೋ? ಕುಶಲಕ್ಕ?... ಹಾಂ, ಕೇಳ್ತದೆ..."

"ಬಾಳಂತಿ ಕೋಣೆಗೆ ನೀವು ಕಾಲಿಡುವುದಿಲ್ಲ?... ಚಿಕ್ಕ ಮಗಳು ನಿಮ್ಮನ್ನೇ ಬೇಕು ಅಂತಾಳೆ, ನಿಮಗೆ ಧೈರ್ಯ ಇಲ್ಲ... ತಾಯಿ ಅಲ್ಲದೆ ಮತ್ತೆ ಯಾರು ಬಾಳಂತನ ಮಾಡುವುದು?... ನಿಮ್ಮ ಕೈ ಕೊಂದ ಕೈ ಅಂತ. ಹಾಗೆ ಹೇಳಬೇಡಿ... ನಾನು ಹೇಳಬೇಕಾ? ಕಟ್ಟಿಗೆಯಾ, ಕಿಟಕಿಯಾ ಅಂತ ನಾನು ಹೇಳಬೇಕಾ?..."

"ಕೆಂಡ ಇಟ್ಟ ಮೇಲೆ... ಕಿಟಕಿ ತೆರೆದಿರಬೇಕಿತ್ತು ಅಕ್ಕ. ಅದು ಹೌದು."

ಅದು ಸುಳ್ಳಲ್ಲ. ಸುಳ್ಳಲ್ಲದ ಮಾತು ಇಷ್ಟು ಹಗುರವಾಗಿ ಬಾಯಿಂದ ಹೊರಬಿತ್ತಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಎಂತ ತಂದಿದ್ದೀರಿ?... ಆವತ್ತಿನದ್ದೇ? ಎರಡು ತುಂಡು?... ಎಲ್ಲಿತ್ತು ಇಷ್ಟು ದಿನ?... ಒಲೆಯ ಮೇಲಿನ ಅಟ್ಟದಲ್ಲಿ ಅಡಗಿಸಿ ಇಟ್ಟದ್ದು. ಫೋನಿನ ಹತ್ತಿರ ಯಾಕೆ ಅದು... ಬೇಡ ಅಕ್ಕ. ಬಡೀಬೇಡಿ. ನನಗೆ ಕೇಳ್ಳಿಕ್ಕೆ..."

ಟಣ್.

ದೇರೆಬೈಲಿನಿಂದ ಬಂದರಿಗೆ ಅಷ್ಟು ದೂರದ ತಂತಿಯಲ್ಲಿ, ಮಳೆಯೊಳಗಿಂದ, ಅದು ದೇವಸ್ಥಾನದ ಗಂಟೆಯಷ್ಟು ಸ್ವಚ್ಛವಾಗಿ ಬಂದು ಅವನ ಕಿವಿಗೆ ಬಡಿಯಿತು. ಎರಡು ವರ್ಷಗಳಲ್ಲಿ ಅವನು ಕೇಳಿದ ಮೊದಲ ಒಣ ಸದ್ದು.

"ಕೇಳಿತು... ಹೌದು, ಟಣ್ ಅಂತಲೇ... ಒಂದರಲ್ಲಿ ನಾನು ಇಟ್ಟ ಬೊಟ್ಟೂ ಕಾಣ್ತದೆ? ಎರಡೂ ಉಂಟಾ?... ನನ್ನ ಕಟ್ಟಿಗೆ ಒಳ್ಳೆಯದೇ ಇತ್ತು ಅಂತ ಹೇಳ್ತೀರಾ. ತಪ್ಪು ನಿಮ್ಮದೊಬ್ಬರದ್ದೇ ಅಂತ... ಒಂದು ಹೌದು ಅಂದರೆ ಸಾಕು, ಮತ್ತೆ ಕೇಳುವುದಿಲ್ಲ..."

ಒಲೆಯ ಮೇಲಿನ ಅಟ್ಟದಲ್ಲಿ ಎರಡು ವರ್ಷ ಇಟ್ಟರೆ ಯಾವ ಹಸಿಯೂ ಒಣಗುತ್ತದೆ ಎಂಬುದು ಆ ಹೆಂಗಸಿಗೆ ಹೊಳೆದಿರಲಿಲ್ಲ. ಸಾಕ್ಷಿಯನ್ನು ತಾನೇ ಕಾಪಾಡಿ, ತಾನೇ ತಂದು, ತನ್ನ ಮೇಲೆಯೇ ತೀರ್ಪು ಬರೆದುಕೊಂಡಿದ್ದಳು. ಅವನು ರುಜು ಹಾಕುವುದಷ್ಟೇ ಬಾಕಿ. ಮಮ್ಮು ತನ್ನ ಬೆರಳನ್ನು ನೋಡಿದ. ಸುಣ್ಣ ಒಣಗಿ ಚರ್ಮವನ್ನು ಎಳೆಯುತ್ತಿತ್ತು.

"ಕುಶಲಕ್ಕ, ಆ ಸದ್ದು ಈಗಿನದ್ದು. ಒಲೆಯ ಮೇಲೆ ಅಷ್ಟು ದಿನ ಇಟ್ಟರೆ ದೋಣಿಯ ಹುಟ್ಟೂ ಟಣ್ ಅಂತದೆ. ಆವತ್ತು ಅದು ಹಾಗೆ ಅಂತಿರಲಿಲ್ಲ... ನನಗೆ ಹೇಗೆ ಗೊತ್ತು ಅಂತಲಾ? ಎರಡನೇ ಬೊಟ್ಟು ಸುಳ್ಳು. ಅದಕ್ಕೇ ಗೊತ್ತು..."

"ಸುಳ್ಳು ಅಂದ್ರೆ ಸುಳ್ಳು ಅಕ್ಕ. ಆ ಅಟ್ಟಿ ಒಂದೇ ಮಳೆಗಾಲ ಕಂಡದ್ದು. ನಿಮ್ಮ ಯಜಮಾನರು ಗಾಡಿ ತಂದು ಮಳೆಯಲ್ಲಿ ನಿಂತಿದ್ದರು. ಎರಡು ಬೊಟ್ಟಿನದ್ದು ಮುಗಿದಿತ್ತು. ತೊಳೆದು ಹೋದ ಬೊಟ್ಟು ನಾನು ತಿರುಗಿ ಇಡ್ತಾ ಇದ್ದೆ, ಬೆರಳಲ್ಲಿ ಸುಣ್ಣ ಇತ್ತು. ಒಂದು ಇಟ್ಟೆ. ಬೆರಳು ಎತ್ತಿ, ಅದರ ಪಕ್ಕದಲ್ಲಿ ಇನ್ನೊಂದು ಇಟ್ಟೆ. ಅಷ್ಟೇ. ಗಿರಾಕಿ ಬರಿಗೈಯಲ್ಲಿ ಹೋಗುವುದು ಬೇಡ ಅಂತ... ಇಲ್ಲ, ಸಾರಮ್ಮನಿಗೂ ಹೇಳಿಲ್ಲ."

ಮಳೆ ಒಮ್ಮೆ ನಿಂತ ಹಾಗಾಗಿ ಮತ್ತೆ ಹಿಡಿಯಿತು. ಫೋನಿನಲ್ಲಿ ಒಂದು ವಿಚಿತ್ರ ಸ್ವರ ಬರುತ್ತಿತ್ತು.

"ಅಕ್ಕ?... ಅಳ್ತಾ ಇದ್ದೀರಾ?... ನಗ್ತಾ ಇದ್ದೀರಾ? ಬೈಯಿರಿ ನನ್ನನ್ನು... ಹಾಂ, ಕಟ್ಟಿಗೆ ಹಸಿ ಇತ್ತು... ಹೌದು, ಇನ್ನೊಮ್ಮೆ ಹೇಳ್ತೇನೆ, ಹಸಿ ಇತ್ತು... ನಿಮ್ಮ ಕೈ ಅಲ್ಲ..."

ಅಲ್ಲಿಗೆ ಅವನ ನಾಲಿಗೆ ತಡವರಿಸಿತು. ಆದರೆ ಎರಡು ವರ್ಷದಿಂದ ಮುಚ್ಚಿಟ್ಟದ್ದು ಹೊರಬಿದ್ದಿತ್ತು; ಅವನಿಗೆ ಚಳಿ ಬಿಟ್ಟ ಜ್ವರದವನ ಹಾಗೆ ಮೈ ಬೆವರುತ್ತಿತ್ತು.

"ಉಂಟು, ಮೂರು ಬೊಟ್ಟಿನ ಹುಣಸೆ ಉಂಟು. ಸತ್ಯದ ಮೂರು. ಇಡೀ ಬಂದರಿನಲ್ಲಿ ಈ ಆಟಿಗೆ ಅಂಥದ್ದು ಬೇರೆ ಯಾರಲ್ಲಿಯೂ ಇಲ್ಲ. ನಾಳೆ ಗಾಡಿಯಲ್ಲಿ ಕಳಿಸ್ತೇನೆ, ದುಡ್ಡಿನ ಮಾತು ಎತ್ತಬೇಡಿ... ಹಾಂ, ಇನ್ನು ನೀವೇ ಬಾಳಂತನ ಮಾಡ್ತೀರಿ! ಅಲ್ವಾ ಮತ್ತೆ, ಮಗಳಿಗೆ ತಾಯಿಯೇ ಮಾಡಬೇಕು... ಅದೇ ಕೋಣೆಯಾ?... ಮಂಚ ಕೂಡ ಅದೇ. ಇರಲಿ... ಚಟ್ಟಿಯಾ? ಕೆಂಡದ ಚಟ್ಟಿ ಯಾಕೆ ಅಕ್ಕ ಇನ್ನು?... ಒಣ ಕಟ್ಟಿಗೆ ಸಿಕ್ಕಿತಲ್ಲ ಅಂತ... ಹಾಂ?... ಎಂತ ಹೇಳಿದ್ರಿ?... ಇನ್ನು ಕಿಟಕಿ ಹಾಕಲಿಕ್ಕೆ ಹೆದರಬೇಕಾಗಿಲ್ಲ ಅಂತ?"

ಮಮ್ಮು ಎದ್ದು ನಿಂತ. ಕಾಲಿಗೆ ಸುಣ್ಣದ ತಟ್ಟೆ ಸಿಕ್ಕಿ ದೂರ ಉರುಳಿತು.

"ಇಲ್ಲ ಇಲ್ಲ ಇಲ್ಲ. ಅಕ್ಕ, ಕೇಳಿ ಇಲ್ಲಿ. ಹಸಿ ಕಟ್ಟಿಗೆಗೆ ಹೊಗೆ ಉಂಟು, ಹೊಗೆಗೆ ಕೆಮ್ಮು ಬರ್ತದೆ, ಕೆಮ್ಮಿದವರು ಏಳಲೂಬಹುದು. ಒಣಗಿದ ಹುಣಸೆಯ ಕೆಂಡಕ್ಕೆ ಹೊಗೆ ಇಲ್ಲ, ವಾಸನೆ ಇಲ್ಲ. ಕೆಂಪಗೆ ಚಂದ ಕಾಣ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಹಸಿಯದ್ದಕ್ಕಿಂತ ಮೋಸ. ರೇಮಂಡ್ ಕಂಪೌಂಡರ್ ನನಗೆ ಹೇಳಿದ್ದು..."

"ನಾನು ಮಾತು ತಿರುಗಿಸುವುದಲ್ಲ... ಹೌದು, ಕಟ್ಟಿಗೆ ಅಂತ ಹೇಳಿದ್ದು ನಾನೇ. ಕಿಟಕಿ ಅಂತ ಹೇಳಿದ್ದೂ ನಾನೇ... ನನ್ನ ನಾಲಿಗೆಗೆ ಎಷ್ಟು ಬೊಟ್ಟು ಅಂತ ಕೇಳ್ತೀರಾ? ಕೇಳಿ, ಕೇಳುವ ಹಕ್ಕು ನಿಮಗೆ ಉಂಟು... ಕೊಂದದ್ದು ಯಾವುದು ಅಂತ ನನಗೆ ಗೊತ್ತಿಲ್ಲ ಅಕ್ಕ. ನನ್ನ ಬೊಟ್ಟು ಎಷ್ಟು, ನಿಮ್ಮ ಕಿಟಕಿ ಎಷ್ಟು, ಅದನ್ನು ತೂಗುವ ತಕ್ಕಡಿ ನನ್ನಲ್ಲಿ ಇಲ್ಲ. ಇದ್ದಿದ್ದರೆ ನಾನು ಎರಡು ವರ್ಷ ಹೀಗೆ... ಹಲೋ? ಇದ್ದೀರಾ?..."

"ಮಗಳ ಅತ್ತೆ ಮನೆಯವರು ಒಪ್ಪುವುದಿಲ್ಲ... ಗಾಳಿ ತಾಗಿದರೆ ಸನ್ನಿ ಆಗ್ತದೆ ಅಂತಾರೆ... ಹಾಗಾದ್ರೆ ಒಂದು ಮಾತು. ಕಿಟಕಿಗೆ ಬಾಗಿಲು ಎಷ್ಟು? ಎರಡಾ? ನಾಳೆ ನನ್ನ ಗಾಡಿ ಖಾಲಿ ಬರ್ತದೆ. ಆ ಎರಡೂ ಬಾಗಿಲು ಕಳಚಿ ಗಾಡಿಯಲ್ಲಿ ಹಾಕಿ. ಅವು ಇಲ್ಲಿಗೆ ಮುಟ್ಟಿದ ಮೇಲೆ ಹುಣಸೆ ಅಲ್ಲಿಗೆ ಬರ್ತದೆ. ಎರಚಲಿಗೆ ಅರ್ಧಕ್ಕೆ ಒಂದು ಗೋಣಿ ಕಟ್ಟಿ. ನಲವತ್ತು ದಿನ ಕಳೆದ ಮೇಲೆ ನಾನೇ ಹೊತ್ತು ತಂದು ಜೋಡಿಸಿ ಕೊಡ್ತೇನೆ... ನಗಬೇಡಿ. ಕಟ್ಟಿಗೆಯವನಿಗೆ ಹುಚ್ಚು ಅಂತ ಪೊರ್ಬುಗಳಿಗೆ ಬೇಕಾದರೆ ಹೇಳಿ..."

"ಆಣೆ ಬೇಡ. ತೆರೆದಿಡ್ತೇನೆ ಅಂತ ನೀವು ಆಣೆ ಹಾಕ್ತೀರಿ, ಒಂದು ಗಾಳಿ ಬೀಸಿದರೆ ನಿಮ್ಮ ಕೈಯೇ ಹೋಗಿ ಹಾಕ್ತದೆ. ಬಾಗಿಲೇ ಇಲ್ಲದಿದ್ದರೆ ಕೈ ಎಂತ ಮಾಡ್ತದೆ?... ಅಬ್ದುಲ್ಲನ ಡಿಪೋದಿಂದ ತರ್ತೀರಾ? ತನ್ನಿ. ತಂದ ದಿನ ನಾನು ನಿಮ್ಮ ಅಂಗಳದಲ್ಲಿ ಬಂದು ಕೂತುಕೊಳ್ತೇನೆ, ಬಂದವರಿಗೆಲ್ಲ ಬೊಟ್ಟಿನ ಕಥೆಯೂ ಕಿಟಕಿಯ ಕಥೆಯೂ ಹೇಳ್ತೇನೆ..."

"ಎಂತ?... ತಿರುಗಿ ಹೇಳಿ, ಮಳೆಗೆ ಕೇಳಲಿಲ್ಲ."

ಕೇಳಿತ್ತು. ಕೇಳಿಯೂ ಇನ್ನೊಮ್ಮೆ ಕೇಳುವ ಆಸೆ.

"ಯಾರಿಗೂ ಹೇಳುವುದಿಲ್ಲ. ಬೊಟ್ಟಿನ ವಿಷಯ ನಿಮ್ಮ ಹೊಟ್ಟೆಯಲ್ಲೇ... ಹಾಂ... ದೇಯಿಯ ಹೆಸರಿನಲ್ಲಿ ನನಗೆ ಕ್ಷಮೆ... ಈ ಕ್ಷಣವೇ. ಹುಣಸೆ ಕಳಿಸಿ, ಕಿಟಕಿಯ ಸುದ್ದಿ ನಾನು ಎತ್ತದಿದ್ದರೆ."

ಎರಡು ವರ್ಷಗಳ ಐದು ಹೊತ್ತಿನ ನಮಾಜಿನಲ್ಲಿ ಅವನು ಬೇಡಿದ್ದು ಅದೊಂದೇ ಮಾತು. ಕೊಡಬಲ್ಲವಳು ಇವಳೊಬ್ಬಳೇ ಎಂದೂ ಅವನಿಗೆ ತಿಳಿದಿತ್ತು. ಮನೆಯಲ್ಲಿ ಒಲೆ ಹಚ್ಚಬಹುದು. ತುಂಡುಗಳನ್ನು ಬಡಿಯಬಹುದು. ಆ ತುದಿಯಲ್ಲಿ ಮಗು ಮತ್ತೆ ಕೆಮ್ಮಿತು. ನೆಲಕ್ಕಿಟ್ಟ ಕಟ್ಟಿಗೆ ಅದರ ಕೈಗೆ ಸಿಕ್ಕಿರಬೇಕು, ಆಟಕ್ಕೆ ಬಡಿಯತೊಡಗಿತು. ಟಣ್. ಟಣ್.

ದೇಯಿ ಬಡಿದದ್ದು ಮೂರು ಸಲ; ಮೂರನೆಯದಕ್ಕೆ ಮಮ್ಮು ಕಾದ. ಅದು ಬರಲಿಲ್ಲ.

"ಬೇಡ," ಎಂದ. "ನಿಮ್ಮ ಕ್ಷಮೆ ನನಗೆ ಬೇಡ ಕುಶಲಕ್ಕ. ಊರಿಗೆಲ್ಲ ಹೇಳಿ, ಅಡ್ಡಿಯಿಲ್ಲ. ಕಿಟಕಿಯ ಬಾಗಿಲು ಕಳಿಸಿ... ಇಲ್ಲ. ಎಷ್ಟು ಸಲ ಕೇಳಿದರೂ ಇಲ್ಲ. ಬೇಡ ಅಂದ್ರೆ ಬೇ..."

ಲೈನು ಕಡಿಯಿತು.